ಒಬ್ಬರಿಗೆ ಸಾಕು

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ನನ್ನ ಬಾಗಿಲಿಗೆ ಎದುರು ಬಾಗಿಲು ಚೆಕಿಂಗ್ ಅಕ್ಕನದು. ಸಿಟಿ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವುದು ಅವರ ಕೆಲಸ. ಪಾಳಿ ಮುಗಿಸಿ ಬಂದವರು ಯೂನಿಫಾರ್ಮನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಾರೆ, ಅನುಮಾನವನ್ನು ಮಾತ್ರ ಮೈಮೇಲೆ ಹಾಗೇ ಇಟ್ಟುಕೊಳ್ಳುತ್ತಾರೆ. ಹಾಲಿನ ಪ್ಯಾಕೆಟ್ಟನ್ನು ಮೂಸದೆ ಒಳಗೆ ತರುವುದಿಲ್ಲ. ಮೊಟ್ಟೆಯನ್ನು ಬಲ್ಬಿಗೆ ಹಿಡಿದು ನೋಡುತ್ತಾರೆ. ಒಮ್ಮೆ ಅವರಿಂದ ಜರಡಿ ಇಸಿದುಕೊಂಡಿದ್ದೆ; ವಾಪಸು ಕೊಟ್ಟಾಗ ನನ್ನೆದುರಿಗೇ ಅದನ್ನು ಬೆಳಕಿಗೆ ಹಿಡಿದು ತೂತುಗಳನ್ನು ಪರೀಕ್ಷಿಸಿದರು. ತೂತು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ದೇವರೇ ಬಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ಪೇಟೆಗೆ ಹೋಗಿ ನನ್ನದೇ ಒಂದು ಜರಡಿ ತಂದುಕೊಂಡೆ.

ಬಸ್ಸಿನಲ್ಲಿ ಅವರದೊಂದು ಪದ್ಧತಿ ಇದೆ. ಟಿಕೆಟ್ ಇದೆಯಾ ಎಂದು ಯಾರನ್ನೂ ಕೇಳುವುದಿಲ್ಲ. ಮುಂದೆ ನಿಂತು, ಮುಖ ನೋಡಿ, ಕೈ ಚಾಚುತ್ತಾರೆ, ಅಷ್ಟೇ. ಇದ್ದವರು ಕೊಡುತ್ತಾರೆ. ಇಲ್ಲದವರು ಜೇಬು ತಡಕುತ್ತಾರೆ, ಕಿಟಕಿಯಾಚೆ ನೋಡುತ್ತಾರೆ, ಇದ್ದಕ್ಕಿದ್ದಂತೆ ನಿದ್ದೆ ಹೋಗುತ್ತಾರೆ. "ಬಾಯಿಬಿಟ್ಟು ಕೇಳಿದ್ರೆ ಸುಳ್ಳು ಹೇಳೋಕೆ ನಾವೇ ಜಾಗ ಮಾಡಿಕೊಟ್ಟ ಹಾಗೆ ಕಣೆ" ಎಂದು ನನಗೊಮ್ಮೆ ಹೇಳಿದ್ದರು. ಇದನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಮನೆಗೂ ತಂದಿದ್ದರು. ಮನೆಯಲ್ಲೂ ಅವರು ಯಾರನ್ನೂ ಏನನ್ನೂ ನೇರವಾಗಿ ಕೇಳಿದವರಲ್ಲ.

ಮನೆಯಲ್ಲಿ ಯಾರಿದ್ದಾರೆ ಅಂದರೆ ಅವರ ಅತ್ತಿಗೆ ಒಬ್ಬರೇ. ಅಕ್ಕನ ಅಣ್ಣ ತೀರಿಹೋಗಿ ಎಷ್ಟೋ ವರ್ಷವಾಯಿತು. ಅಣ್ಣನ ಹೆಂಡತಿ ಅದೇ ಎರಡು ಕೋಣೆಯ ಮನೆಯಲ್ಲಿ ನಾದಿನಿಯ ಜೊತೆ ಉಳಿದುಕೊಂಡರು. ಅಕ್ಕ ಮದುವೆಯಾಗಲಿಲ್ಲ. ಬಂದ ಗಂಡುಗಳನ್ನೂ ಬೆಳಕಿಗೆ ಹಿಡಿದು ನೋಡಿರಬೇಕು ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ಅಕ್ಕ ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ಕಟ್ಟಡಕ್ಕೂ ಅವರು ಅತ್ತಿಗೆಯೇ ಆದರು. ತೆಳ್ಳಗೆ, ಸದ್ದಿಲ್ಲದೆ ಓಡಾಡುವ ಹೆಂಗಸು. ಅವರ ಮಗಳು ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅಮ್ಮಾ, ಬಂದು ನಮ್ಮ ಜೊತೆ ಇದ್ದುಬಿಡು ಎಂದು ಪ್ರತಿ ವಾರ ಫೋನಿನಲ್ಲಿ ಕರೆಯುತ್ತಾಳೆ. ಅತ್ತಿಗೆ ನೋಡೋಣ, ನೋಡೋಣ ಎನ್ನುತ್ತಾರೆ. ಆ ಮಾತು ಬಾಗಿಲಾಚೆ ಕೇಳಿಸಿದಾಗಲೆಲ್ಲ ಅಕ್ಕನ ಮುಖ ಗಂಟಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅತ್ತಿಗೆಯ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ದಪ್ಪ ತಳದ ಪಾತ್ರೆಯಲ್ಲಿ ಅನ್ನ ಬೇಯಿಸಿ, ಬಗ್ಗಿಸಿ ಗಂಜಿ ಬಸಿಯುವುದು ಅವರ ಕ್ರಮ. ಒಂದು ದಿನ ಪಾತ್ರೆ ಜಾರಿ ಬಿಸಿ ಗಂಜಿ ಕಾಲಿನ ಪಕ್ಕದಲ್ಲೇ ಚೆಲ್ಲಿತು. ಡಾಕ್ಟರು ಭಾರ ಎತ್ತಬೇಡಿ ಅಂದರು. ಹಾಗಾಗಿ ಕರೆಂಟಿನ ರೈಸ್ ಕುಕ್ಕರ್ ಒಂದನ್ನು ತರುವುದೆಂದಾಯಿತು. ಅಕ್ಕ ಅತ್ತಿಗೆಯ ಜೊತೆ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದರು.

"ನಾನ್ಯಾಕೆ ಅಕ್ಕ?"

"ಸಾಕ್ಷಿಗೆ. ಆಮೇಲೆ ಅಂಗಡಿಯವನು ನಾನು ಹಂಗೆ ಹೇಳೇ ಇಲ್ಲ ಅಂದ್ರೆ?"

ಅಂಗಡಿಯವನು ಪಾಪ, ನಗುನಗುತ್ತಲೇ ಬಂದ. ದೊಡ್ಡದು, ನಡುವಿನದು, ಚಿಕ್ಕದು ಎಂದು ಸಾಲಾಗಿ ಇಟ್ಟ. ದೊಡ್ಡದರ ಮೈತುಂಬ ಗುಂಡಿಗಳು. ಚಿಕ್ಕದಕ್ಕೆ ಒಂದೇ ಗುಂಡಿ, ಗಾಜಿನ ಮುಚ್ಚಳ, ಮುಚ್ಚಳದಲ್ಲಿ ಆವಿ ಹೋಗಲು ಒಂದು ತೂತು. ಅಕ್ಕ ಒಳಪಾತ್ರೆಯನ್ನು ಹೊರತೆಗೆದು ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳಿದರು. ವೈರನ್ನು ಪೂರ್ತಿ ಬಿಡಿಸಿ ಉದ್ದ ನೋಡಿದರು. ಆಮೇಲೆ ಶುರುವಾಯಿತು.

"ನೀರು ಮುಗೀತು ಅಂತ ಇದಕ್ಕೆ ಯಾರು ಹೇಳ್ತಾರೆ?"

"ಯಾರೂ ಹೇಳಬೇಕಾಗಿಲ್ಲಮ್ಮ. ನೀರಿರೋವರೆಗೂ ಪಾತ್ರೆ ಬಿಸಿ ಒಂದು ಮಟ್ಟದಲ್ಲೇ ಇರುತ್ತೆ. ನೀರು ಇಂಗಿದ್ರೆ ತಳ ಜಾಸ್ತಿ ಬಿಸಿ ಆಗುತ್ತೆ. ಆಗ ಗುಂಡಿ ತಾನೇ ಟಕ್ ಅಂತ ಮೇಲೆ ಹಾರುತ್ತೆ. ಆಮೇಲೆ ಬರೀ ಬೆಚ್ಚಗೆ ಇಟ್ಟಿರುತ್ತೆ."

"ಅಂದ್ರೆ ಅದು ಅನ್ನ ನೋಡೋದೇ ಇಲ್ಲ."

"ಇಲ್ಲಮ್ಮ."

"ಖಾಲಿ ಪಾತ್ರೆ ಇಟ್ರೂ ಆಯ್ತು ಅಂತಲೇ ಹೇಳುತ್ತೆ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಮಿಕ್ಸಿಗಳ ಕಡೆ ತಿರುಗಿಕೊಂಡೆ.

ಅವನು ನಡುವಿನದನ್ನೇ ಮುಂದೆ ತಳ್ಳಿದ. ನೆಂಟರು ಇಷ್ಟರು ಬಂದರೆ ಬೇಕಾಗುತ್ತದೆ, ಎಲ್ಲರೂ ಇದನ್ನೇ ಒಯ್ಯುವುದು ಎಂದ. ಅದುವರೆಗೆ ಸುಮ್ಮನಿದ್ದ ಅತ್ತಿಗೆ ಮುಂದೆ ಬಂದು ಚಿಕ್ಕದರ ಮೇಲೆ ಕೈ ಇಟ್ಟರು. "ದೊಡ್ಡ ಪಾತ್ರೇಲಿ ಸ್ವಲ್ಪ ಅಕ್ಕಿ ಹಾಕಿದ್ರೆ ತಳಕ್ಕೆಲ್ಲ ಹರಡಿಕೊಂಡು ಒಣಗಿ ಹೋಗುತ್ತೆ. ಎತ್ತೋಕೂ ಭಾರ, ತೊಳೆಯೋಕೂ ಭಾರ. ಚಿಕ್ಕದೇ ಕೊಡಿ. ಒಬ್ಬರಿಗೆ ಸಾಕು."

ದಾರಿಯುದ್ದಕ್ಕೂ ಅಕ್ಕ ಡಬ್ಬವನ್ನು ಎದೆಗವಚಿ, ಮುಖ ಗಂಟು ಹಾಕಿಕೊಂಡು ನಡೆದರು. ಸಂಜೆ ನನ್ನ ಬಾಗಿಲು ತಟ್ಟಿದರು.

"ಕೇಳಿಸ್ಕೊಂಡ್ಯಾ?"

"ಏನನ್ನ?"

"ಒಬ್ಬರಿಗೆ ಸಾಕು ಅಂದ್ರು. ನಾವು ಇಬ್ಬರು."

"ಬಾಯಿ ತಪ್ಪಿ ಬಂದಿರುತ್ತೆ ಬಿಡಿ ಅಕ್ಕ."

"ಬಾಯಿ ತಪ್ಪಿದಾಗ್ಲೇ ಹೊರಗೆ ಬರೋದು. ಬಸ್ಸಲ್ಲಿ ದಿನಾ ನೋಡ್ತೀನಿ ನಾನು."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆಗ ಗಮನಿಸಿದೆ, ಅವರ ಕಣ್ಣಿನಲ್ಲಿ ಇದ್ದದ್ದು ಬರೀ ಅನುಮಾನವಲ್ಲ, ಹೆದರಿಕೆ. ಅತ್ತಿಗೆ ಮಗಳ ಮನೆಗೆ ಹೊರಟುಹೋಗುತ್ತಾರೆ, ಹೋಗುವ ಮೊದಲು ತನಗೊಂದು ಒಂಟಿ ಪಾತ್ರೆ ಹೊಂದಿಸಿಕೊಟ್ಟು ಹೋಗುತ್ತಿದ್ದಾರೆ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಹೋದರೆ ತಡೆಯಲು ಇವರಿಗೆ ಯಾವ ಹಕ್ಕೂ ಇಲ್ಲ. ಅತ್ತಿಗೆಯೇನು ಒಡಹುಟ್ಟಿದವರಲ್ಲ, ಹೆತ್ತವರಲ್ಲ. ನಡುವೆ ಇದ್ದ ಅಣ್ಣನೂ ಇಲ್ಲ. ಕೇಳಿಬಿಡಿ ಅಕ್ಕ ಎಂದೆ. ಕೇಳಿದರೆ ಇಲ್ಲ ಎನ್ನುತ್ತಾರೆ, ಆಮೇಲೆ ನಾನು ಏನನ್ನು ನಂಬಲಿ ಎಂದರು.

ಕುಕ್ಕರಿನ ಮೊದಲ ದಿನದ ಸಂಭ್ರಮವನ್ನು ನಾನು ಕಣ್ಣಾರೆ ಕಂಡೆ. ಹೊಲಿಗೆ ಮಿಷನ್ ಇಟ್ಟುಕೊಂಡು ಪರದೆ, ದಿಂಬಿನ ಚೀಲ ಹೊಲಿಯುವುದು ನನ್ನ ಕಸುಬು. ಮಿಷನ್ನಿನ ಮುಂದಿನ ಕಿಟಕಿ ಅವರ ಅಡುಗೆಮನೆಯ ಕಿಟಕಿಗೆ ಎದುರುಬದುರು. ಡಬ್ಬದ ಜೊತೆ ಬಂದಿದ್ದ ಪುಟ್ಟ ಪ್ಲಾಸ್ಟಿಕ್ ಲೋಟದಿಂದ ಅಕ್ಕ ಮನೆಯ ಲೋಟಕ್ಕೆ ನೀರು ಸುರಿದರು. ತುಂಬಲಿಲ್ಲ.

"ನೋಡಿ ಅತ್ತಿಗೆ, ಮೋಸ ಇಲ್ಲಿಂದ್ಲೇ ಶುರು. ಅಳತೆಯ ಲೋಟವೇ ಚಿಕ್ಕದು."

"ಅದು ಮೋಸ ಅಲ್ಲ ಕಣೆ. ಅದರ ಲೋಟ ಅದಕ್ಕೆ, ಅದರ ಗೆರೆ ಅದಕ್ಕೆ. ಆ ಲೋಟದಲ್ಲಿ ಒಂದು ಅಕ್ಕಿ ಹಾಕಿದ್ರೆ ಪಾತ್ರೆಯೊಳಗೆ ಒಂದನೇ ಗೆರೆಗೆ ನೀರು. ಎರಡು ಹಾಕಿದ್ರೆ ಎರಡನೇ ಗೆರೆಗೆ. ನಡುವೆ ನಮ್ಮ ಲೋಟ ತರಬೇಡ."

ಅತ್ತಿಗೆ ಅಕ್ಕಿ ತೊಳೆದು ಹಾಕಿದರು. ಒಳಪಾತ್ರೆಯ ಹೊರಮೈಯನ್ನು ಬಟ್ಟೆಯಿಂದ ಒರೆಸಿ, ಒಂದು ಹನಿ ನೀರೂ ಇಲ್ಲವೆಂದು ನೋಡಿ ಒಳಗಿಟ್ಟರು. ಗುಂಡಿ ಒತ್ತಿದರು. ಅಕ್ಕ ಎರಡು ಕೈ ಸೊಂಟಕ್ಕೆ ಕೊಟ್ಟು ಅದರ ಮುಂದೆ ನಿಂತರು, ಟಿಕೆಟ್ ಇಲ್ಲದವನ ಮುಂದೆ ನಿಂತ ಹಾಗೆ. ಕುಕ್ಕರು ಸ್ವಲ್ಪ ಹೊತ್ತು ಸುಮ್ಮನಿತ್ತು, ಆಮೇಲೆ ಗುಳುಗುಳು ಎಂದಿತು, ಆವಿ ಬಿಟ್ಟಿತು. ಮುಚ್ಚಳ ತೆಗೆಯಲು ಹೋದ ಅಕ್ಕನ ಕೈ ಮೇಲೆ ಅತ್ತಿಗೆ ಮೆಲ್ಲಗೆ ಒಂದು ಏಟು ಕೊಟ್ಟರು. ಗುಂಡಿ ಟಕ್ಕೆಂದ ಮೇಲೂ ಸ್ವಲ್ಪ ಹೊತ್ತು ಮುಚ್ಚಿಯೇ ಇರಬೇಕು ಎಂದರು. ತೆಗೆದಾಗ ಅನ್ನ ಅಚ್ಚುಕಟ್ಟಾಗಿ, ಅಗುಳಗುಳಾಗಿ ಬೆಂದಿತ್ತು. ಅಕ್ಕ ಉಂಡರು. ಮರುದಿನ ನನ್ನ ಹತ್ತಿರ, "ಹೊಸದರಲ್ಲಿ ಎಲ್ಲವೂ ಹಾಗೇ" ಎಂದರು.

ಹದಿನೈದು ದಿನ ಕಳೆದಿರಬೇಕು. ಅಕ್ಕನದು ಬೆಳಗಿನ ಪಾಳಿ. ಊಟದ ಹೊತ್ತು ಮೀರಿದ ಮೇಲೆ ಮನೆಗೆ ಬರುತ್ತಾರೆ. ಮೊದಲೆಲ್ಲ ಅತ್ತಿಗೆ ಅವರು ಬರುವವರೆಗೂ ಕಾಯುತ್ತಿದ್ದರು. ಅಕ್ಕನಿಗೆ ಬಡಿಸಿ, ಬೇಳೆ ಬಿಸಿ ಮಾಡಿ, ನೀರು ಕೊಟ್ಟು, ಆಮೇಲೆ ತಾವು ತಟ್ಟೆ ಹಾಕಿಕೊಳ್ಳುತ್ತಿದ್ದರು. ಈಗ ನಾನಾಗಲೇ ಉಂಡೆ ಎಂದು ಮೊದಲೇ ಹೇಳಿಬಿಡುತ್ತಿದ್ದರು. ಅಷ್ಟಾದರೆ ಅನುಮಾನ ಬರುತ್ತಿರಲಿಲ್ಲವೇನೋ. ಆದರೆ ಅಕ್ಕ ಕುಕ್ಕರಿನ ಮುಚ್ಚಳ ತೆಗೆದು ನೋಡುವವರು.

"ಅನ್ನದ ಮೇಲೆ ಆವಿ ಎದ್ದ ತೂತುಗಳು ಹಾಗೇ ಇರ್ತವೆ ಕಣೆ" ಎಂದು ನನ್ನ ಮಿಷನ್ನಿನ ಪಕ್ಕ ಕೂತು ಹೇಳಿದರು. "ಮೇಲ್ಮೈ ಸಮ ಇರುತ್ತೆ. ಸೌಟು ತಾಕೇ ಇಲ್ಲ. ಉಂಡೆ ಅಂತಾರೆ. ಎಲ್ಲಿಂದ ಉಂಡ್ರು?"

"ಬೆಳಿಗ್ಗೆ ಉಳಿದಿದ್ದು ಇರಬಹುದು."

"ಬೆಳಿಗ್ಗೆ ಅನ್ನ ಮಾಡೋದೇ ಇಲ್ಲ. ಇನ್ನೂ ಇದೆ, ಕೇಳು. ತಳದ ಅನ್ನ ಗಟ್ಟಿಯಾಗಿ ಹಳದಿ ಆಗಿರುತ್ತೆ. ಈಗ ತಾನೇ ಇಳೀತು ಅಂತಾರೆ. ಈಗ ತಾನೇ ಆಗಿದ್ರೆ ಹಾಗೆ ಆಗಲ್ಲ. ಅದು ತುಂಬ ಹೊತ್ತು ಬೆಚ್ಚಗೆ ಕೂತಿರುತ್ತೆ. ಇವರು ಬೇಗ ಗುಂಡಿ ಒತ್ತಿ ಎಲ್ಲೋ ಹೋಗಿ ಬರ್ತಾರೆ."

ಜರಡಿಯ ಸಿಟ್ಟು ನನಗಿನ್ನೂ ಇತ್ತು. ಆದರೂ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಅಕ್ಕ ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೇಳಲಿಲ್ಲ. ಅವರು ಕೇಳುವವರಲ್ಲವಲ್ಲ. ನಾನು ಸಿಡುಕಿದೆ: "ನಾನು ಬೇರೆಯವರ ಅಡುಗೆಮನೆ ಕಾಯೋಕೆ ಕೂತಿಲ್ಲ ಅಕ್ಕ, ನಂಗೆ ಕೆಲಸ ಇದೆ." ಅವರು ಎದ್ದು ಹೋದರು. ಆದರೆ ಮರುದಿನ ದಾರ ಪೋಣಿಸುವಾಗ ಕಣ್ಣು ತಾನಾಗಿಯೇ ಅತ್ತ ಹೋಯಿತು. ಅತ್ತಿಗೆ ಅಕ್ಕಿ ತೊಳೆದಿಟ್ಟು, ಗುಂಡಿ ಒತ್ತಿ, ಕೊಡೆ ತೆಗೆದುಕೊಂಡು ಹೊರಟರು. ಎಷ್ಟೋ ಹೊತ್ತು ಆ ಅಡುಗೆಮನೆಯಲ್ಲಿ ಕುಕ್ಕರಿನ ಚಿಕ್ಕ ದೀಪ ಬಿಟ್ಟರೆ ಯಾರೂ ಇರಲಿಲ್ಲ. ಅಕ್ಕ ಬರುವ ಸ್ವಲ್ಪ ಮೊದಲು ಅತ್ತಿಗೆ ವಾಪಸು ಬಂದು, ಮುಖ ತೊಳೆದು, ಏನೂ ಆಗಿಲ್ಲವೆಂಬಂತೆ ಬೇಳೆ ಬಿಸಿಗಿಟ್ಟರು. ಅದರ ಮರುದಿನವೂ ಹಾಗೆಯೇ.

ಎಲ್ಲಿಗೆ ಹೋಗುತ್ತಾರೆ? ಆಸ್ಪತ್ರೆಗೋ, ಏನಾದರೂ ಕಾಯಿಲೆಯೋ? ಹಾಗಿದ್ದರೆ ಅಕ್ಕನಿಗೆ ಯಾಕೆ ಹೇಳುತ್ತಿಲ್ಲ? ನನಗೂ ಆ ಜಾಡ್ಯ ಅಂಟಿಕೊಂಡಿತು. ಗಂಡ ಇವತ್ತು ಟೀ ಬೇಡ ಅಂದರೆ ಎಲ್ಲಿ ಕುಡಿದು ಬಂದಿರಿ ಎಂದು ಕೇಳುವಷ್ಟಾಯಿತು. "ಎದುರು ಮನೆ ಗಾಳಿ ಬೀಸ್ತಾ ಇದೆ, ಕಿಟಕಿ ಹಾಕು" ಎಂದರು ಅವರು.

ಅಷ್ಟರಲ್ಲಿ ಒಂದು ಸಂಜೆ ಅಕ್ಕ ಬಂದು ನನ್ನ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತರು. ಮುಖ ಬಿಳಚಿಕೊಂಡಿತ್ತು. ಮೆಟ್ಟಿಲು ಹತ್ತಿ ಬರುವಾಗ ಅತ್ತಿಗೆ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತಂತೆ.

"ಅವಳಿಗೆ ಕುಕ್ಕರ್ ಅಭ್ಯಾಸ ಆಗ್ಲಿ, ಆಮೇಲೆ ನೋಡೋಣ, ಅಂದ್ರು. ಅವಳು ಅಂದ್ರೆ ನಾನೇ. ಇನ್ನೇನು ಬೇಕು ಹೇಳು?"

ನನ್ನ ಕಿಟಕಿಯಿಂದ ಕಂಡದ್ದನ್ನು ಹೇಳಿಬಿಟ್ಟೆ. ಅಕ್ಕ ತಲೆಯಾಡಿಸಿದರು, ಇದೆಲ್ಲ ಮೊದಲೇ ಗೊತ್ತಿತ್ತು ಎಂಬಂತೆ. ಆಮೇಲೆ, "ನಾಳೆ ರಜ ಹಾಕ್ತೀನಿ. ನೀನೂ ಬಾ" ಎಂದರು. ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಸಾಕ್ಷಿಗೆ.

ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಯೂನಿಫಾರ್ಮ್ ಹಾಕಿಕೊಂಡು, ಚೀಲ ಹೆಗಲಿಗೇರಿಸಿಕೊಂಡು ಹೊರಟರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ತಿರುವಿನಲ್ಲಿರುವ ಔಷಧದಂಗಡಿಯ ಮುಂದೆ ನಾನು ಅವರನ್ನು ಸೇರಿಕೊಂಡೆ. ಅತ್ತಿಗೆ ಕೊಡೆ ಹಿಡಿದು ಬಂದರು. ಬಸ್ ಸ್ಟಾಪು ಬಂತು, ನಿಲ್ಲಲಿಲ್ಲ. ಒಂದು ಬಸ್ಸು ಅವರ ಪಕ್ಕದಲ್ಲೇ ಬಂದು ನಿಂತರೂ ಅದರತ್ತ ತಿರುಗಿ ನೋಡದೆ ನಡೆದುಕೊಂಡೇ ಹೋದರು.

"ನೋಡಿದ್ಯಾ?" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದರು. "ಬಸ್ ಹತ್ತಿದ್ರೆ ಕಂಡಕ್ಟರುಗಳು ನಂಗೆ ಹೇಳ್ತಾರೆ ಅಂತ ಗೊತ್ತು ಅವರಿಗೆ."

ಬಿಸಿಲಿನಲ್ಲಿ ನಾವು ಒಂದೊಂದು ಅಂಗಡಿಯ ನೆರಳು ಹಿಡಿದು ಹಿಂದೆ ಹಿಂದೆ ಹೋದೆವು. ಯೂನಿಫಾರ್ಮ್ ಹಾಕಿದವರು ಕಳ್ಳಹೆಜ್ಜೆ ಇಡುವುದನ್ನು ಜನ ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಪ್ರಾಣ ಹೋದಂತಾಯಿತು. ಮಾರುಕಟ್ಟೆ ದಾಟಿ, ದೊಡ್ಡ ಮುದ್ರಣಾಲಯದ ಗೋಡೆ ಬಳಸಿ, ಅದರ ಹಿಂದಿನ ಗಲ್ಲಿಗೆ ಅತ್ತಿಗೆ ತಿರುಗಿದರು. ಅಲ್ಲಿ ಮುದ್ರಣಾಲಯದ ಕೆಲಸಗಾರರು ಊಟ ಮಾಡುವ ಒಂದು ಕ್ಯಾಂಟೀನು. ಹೊರಗಿನವರೂ ಹೋಗಬಹುದು. ಅತ್ತಿಗೆ ಕೊಡೆ ಮಡಚಿ ಒಳಗೆ ಹೋದರು.

ನಾವು ಮಸುಕು ಗಾಜಿನಾಚೆಯಿಂದ ನೋಡಿದೆವು. ಯಾರೋ ಬರುತ್ತಾರೆ, ಯಾರನ್ನೋ ಭೇಟಿ ಮಾಡುತ್ತಾರೆ ಎಂದು ಕಾದೆವು. ಯಾರೂ ಬರಲಿಲ್ಲ. ಅತ್ತಿಗೆ ಮೂಲೆಯ ಮೇಜಿನಲ್ಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಬಡಿಸುವವನು ತಟ್ಟೆ ತಂದಿಟ್ಟ. ಅನ್ನ ಹಾಕಿದ, ಬೇಳೆ ಹಾಕಿದ, ನೀರಿನ ಲೋಟ ತುಂಬಿಸಿದ. ಅತ್ತಿಗೆ ಉಣ್ಣತೊಡಗಿದರು. ಒಂದು ತುತ್ತು, ಇನ್ನೊಂದು ತುತ್ತು, ಆತುರವಿಲ್ಲದೆ. ಅವರು ಕೂತು ಉಣ್ಣುವುದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ನನ್ನ ಕಿಟಕಿಯಿಂದ ಕಂಡಾಗಲೆಲ್ಲ ಅವರು ತಟ್ಟೆ ಹಿಡಿದು ಒಲೆಯ ಪಕ್ಕ ನಿಂತಿರುತ್ತಿದ್ದರು.

ಅಕ್ಕ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು. ನಾನು ಹಿಂದೆಯೇ ಓಡಿದೆ. ನೇರ ಮೂಲೆಯ ಮೇಜಿಗೆ ಹೋಗಿ ನಿಂತರು. ಅಭ್ಯಾಸಬಲ ನೋಡಿ, ಕೈ ತಾನಾಗಿಯೇ ಮುಂದೆ ಚಾಚಿಕೊಂಡಿತು.

ಅತ್ತಿಗೆ ತಲೆ ಎತ್ತಿದರು. ಚಾಚಿದ ಕೈ ನೋಡಿದರು. ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿ, "ಟಿಕೆಟ್ ತಗೊಂಡಿಲ್ಲ ಕಣೆ. ಏನ್ಮಾಡ್ತೀಯ, ಇಳಿಸ್ತೀಯಾ?" ಎಂದರು.

ಪಕ್ಕದ ಮೇಜಿನವರು ನಕ್ಕರು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು ಎದುರಿನ ಬೆಂಚಿನ ಮೇಲೆ ಕುಸಿದು ಕೂತರು. ನಾನು ಎಲ್ಲಿ ಕೂರಬೇಕೋ ತಿಳಿಯದೆ ನೀರಿನ ಡ್ರಮ್ಮಿನ ಪಕ್ಕ ನಿಂತೆ.

"ಇಲ್ಲಿ ಊಟಕ್ಕಾ ಬರ್ತೀರ?" ಅಕ್ಕನ ದನಿ ಕೀರಲಾಗಿತ್ತು. "ಮನೇಲಿ ಅನ್ನ ಇಟ್ಟು?"

"ಹ್ಞೂಂ."

"ಯಾಕೆ? ಇಲ್ಲಿ ಅಷ್ಟು ಚೆನ್ನಾಗಿ ಮಾಡ್ತಾರಾ?"

"ಏನೂ ಚೆನ್ನಾಗಿಲ್ಲ. ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಬೇಳೇಲಿ ಉಪ್ಪಿಲ್ಲ." ಅತ್ತಿಗೆ ಬೆರಳಿನಿಂದ ಅನ್ನ ಕಲಸಿದರು. "ಆದ್ರೆ ನಾನು ಏಳಬೇಕಾಗಿಲ್ಲ. ನಾನು ಕೂತಿರ್ತೀನಿ, ಅವನು ಬಂದು ಇನ್ನೊಂದು ಸ್ವಲ್ಪ ಹಾಕ್ಲಾ ಅಂತ ಕೇಳ್ತಾನೆ. ಮದುವೆ ಆಗಿ ಬಂದಾಗಿಂದ ನನ್ನ ಯಾರೂ ಹಾಗೆ ಕೇಳಿಲ್ಲ ಕಣೆ. ನಿಮ್ಮಣ್ಣ ಒಳ್ಳೆಯವರೇ, ಅವರೂ ಕೇಳಲಿಲ್ಲ. ಮಗಳೂ ಕೇಳಲಿಲ್ಲ. ನೀನಂತೂ ಯಾರನ್ನೂ ಏನನ್ನೂ ಕೇಳೋವಳೇ ಅಲ್ಲ."

ಅಕ್ಕ ತಲೆ ತಗ್ಗಿಸಿದರು.

"ಮೊದ್ಲು ಒಲೆ ಬಿಟ್ಟು ಬರೋ ಹಾಗಿರಲಿಲ್ಲ. ಬಸಿಯೋ ಹೊತ್ತಿಗೆ ಅಲ್ಲೇ ನಿಂತಿರಬೇಕಿತ್ತು. ಈ ಕುಕ್ಕರ್ ಬಂದಮೇಲೆ ನಿನಗೆ ಎಷ್ಟು ಬೇಕೋ ಅಷ್ಟಕ್ಕೆ ಗುಂಡಿ ಒತ್ತಿ ಹೊರಟುಬಿಡಬಹುದು. ಕಾಲು ತಾನೇ ಇಲ್ಲಿಗೆ ಬಂತು."

ಆಗ ಅಕ್ಕ ತಮ್ಮ ಆಯುಷ್ಯದಲ್ಲಿ ಮೊದಲ ಸಲ, ನಾನು ಕಂಡ ಮಟ್ಟಿಗೆ, ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನೇ ನೇರವಾಗಿ ಕೇಳಿದರು. "ಅತ್ತಿಗೆ, ನೀವು ಹೊರಟುಹೋಗ್ತೀರಾ?"

ಅತ್ತಿಗೆ ಇಲ್ಲ ಎಂದು ಸುಳ್ಳು ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಹೋಗಬೇಕು ಅಂತಾನೇ ಇದ್ದೆ. ಅಂಗಡೀಲಿ ಒಬ್ಬರಿಗೆ ಸಾಕು ಅಂದಿದ್ದು ಅದಕ್ಕೇ. ನೀನು ಮುಖ ಗಂಟು ಹಾಕಿಕೊಂಡಾಗ್ಲೇ ನಂಗೆ ಗೊತ್ತಾಯ್ತು, ಕೇಳಿಸ್ಕೊಂಡಿದ್ದೀಯ ಅಂತ. ಈಗ ಗೊತ್ತಿಲ್ಲ. ಅಲ್ಲಿಗೆ ಹೋದ್ರೂ ಸೌಟು ನನ್ನ ಕೈಗೇ ಬರುತ್ತೆ. ಆದ್ರೆ ಮಗಳು, ಮೊಮ್ಮಕ್ಕಳು. ಭಾನುವಾರ ಫೋನ್ ಮಾಡ್ತಾಳೆ, ಉತ್ತರ ಹೇಳಬೇಕು."

ಬಡಿಸುವವನು ಬಂದು ಇನ್ನೊಂದು ಸ್ವಲ್ಪ ಹಾಕ್ಲಾ ಎಂದ. ಅತ್ತಿಗೆ ಸಾಕು ಎಂದರು. ಅಕ್ಕ ಅವನನ್ನು ಕೆಕ್ಕರಿಸಿ ನೋಡಿದರು. ಅವನು ಸೌಟು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಭಾನುವಾರ ಅಕ್ಕನಿಗೆ ವಾರದ ರಜ. ನಾನು ಕಿಟಕಿಯ ಮುಂದೆ ಪರದೆಯ ಅಂಚು ಮಡಚುತ್ತಿದ್ದೆ. ನೋಡಿದರೆ ಅಡುಗೆಮನೆಯಲ್ಲಿ ಅಕ್ಕ! ಅತ್ತಿಗೆಯನ್ನು ಹೊರಗಿನ ಕೋಣೆಗೆ ಅಟ್ಟಿ ಬಾಗಿಲು ಹಾಕಿಕೊಂಡಿದ್ದರು. ಪ್ಲಾಸ್ಟಿಕ್ ಲೋಟವನ್ನು ಕೈಗೆತ್ತಿಕೊಂಡರು, ತಿರುಗಿಸಿ ನೋಡಿದರು, ನಂಬಿಕೆ ಬರಲಿಲ್ಲ, ಬದಿಗಿಟ್ಟರು. ಮನೆಯ ಲೋಟದಲ್ಲಿ ಅಕ್ಕಿ ಅಳೆದು ಹಾಕಿ, ನೀರು ಮಾತ್ರ ಪಾತ್ರೆಯ ಗೆರೆಗೆ ಸರಿಯಾಗಿ ಬಿಟ್ಟರು. ಅಯ್ಯೋ ಅನ್ನಿಸಿತು ನನಗೆ. ಲೋಟ ಅವರದು, ಗೆರೆ ಕುಕ್ಕರಿನದು. ನೀರು ಸಾಲುವುದು ಹೇಗೆ? ಆಮೇಲೆ ಗುಂಡಿ ಒತ್ತಿ ಕಾವಲು ನಿಂತರು. ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ಒಳಗೆ ಇಣುಕುವುದು, ಆವಿ ಮುಖಕ್ಕೆ ಹೊಡೆದು ಹಿಂದೆ ಸರಿಯುವುದು.

"ಮುಚ್ಚಳ ತೆಗೀಬೇಡಿ ಅಕ್ಕ!" ಎಂದು ಕೂಗಿದೆ.

"ನೀನು ನಿನ್ನ ಹೊಲಿಗೆ ನೋಡ್ಕೋ."

ಗುಂಡಿ ಟಕ್ಕೆಂದಿತು. ಅಕ್ಕ ಒಂದು ಅಗುಳು ಹಿಚುಕಿ ನೋಡಿದರು. "ಬೆಂದಿಲ್ಲ! ನಾನು ಅವತ್ತೇ ಹೇಳಿದ್ದೆ, ಇದು ಅನ್ನ ನೋಡೋದೇ ಇಲ್ಲ ಅಂತ" ಎಂದು ಕುಕ್ಕರನ್ನೇ ಬೈದು, ಒಂದು ಲೋಟ ನೀರು ಸುರಿದು ಮತ್ತೆ ಗುಂಡಿ ಒತ್ತಿದರು. ಚಿಕ್ಕ ಪಾತ್ರೆ, ಗಂಜಿ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಬೇಳೆ ಏನಾಯಿತೋ ನಾನು ನೋಡಲಿಲ್ಲ, ನಗು ತಡೆಯಲಾರದೆ ಪರದೆಯಲ್ಲಿ ಮುಖ ಮುಚ್ಚಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ಬಾಗಿಲು ಸದ್ದಾಯಿತು. ಅಕ್ಕ ನಿಂತಿದ್ದರು, ಹಣೆಯಲ್ಲಿ ಬೆವರು.

"ಬಾ."

"ಸಾಕ್ಷಿಗಾ?"

"ಒಬ್ಬಳಿಗೆ ಹೆದರಿಕೆ ಆಗುತ್ತೆ" ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಜರಡಿಯ ಸಿಟ್ಟು ಅಲ್ಲಿಗೆ ಇಳಿದುಹೋಯಿತು.

ಅತ್ತಿಗೆಯನ್ನು ಮೇಜಿನ ಮುಂದೆ ಕೂರಿಸಿದ್ದರು. ಅವರ ಕೈಗಳು ಮಡಿಲಿನಲ್ಲಿ ನಿಲ್ಲದೆ ಚಡಪಡಿಸುತ್ತಿದ್ದವು. ಎರಡು ಸಲ ಏಳಲು ಹೋದರು, ಅಕ್ಕ ಎರಡು ಸಲವೂ ಹೆಗಲು ಒತ್ತಿ ಕೂರಿಸಿದರು. ತಟ್ಟೆಗೆ ಅನ್ನ ಬಿತ್ತು, ಬಿತ್ತು ಅನ್ನುವುದೇ ಸರಿ, ಮುದ್ದೆಯಾಗಿ. ಹೊರಗೆ ಅಂಟು, ಒಳಗೆ ಅರೆಬೆಂದ ಕಾಳು. ಅತ್ತಿಗೆ ಬಗ್ಗಿ ಮೂಸಿದರು. ಒಂದು ಅಗುಳನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ನಮ್ಮ ಲೋಟದಲ್ಲಿ ಅಳೆದ್ಯಾ?"

"ಹ್ಞೂಂ."

"ಮುಚ್ಚಳ ಎತ್ತಿ ಎತ್ತಿ ನೋಡಿದ್ಯಾ?"

ಅಕ್ಕ ಕಿಟಕಿಯಾಚೆ ನೋಡಿದರು.

ಅತ್ತಿಗೆ ತುತ್ತು ಬಾಯಿಗಿಟ್ಟರು. ಅಗಿಯುವ ಸದ್ದು ನನಗೂ ಕೇಳಿಸಿತು. ಆಗ ಫೋನ್ ಬಡಿದುಕೊಂಡಿತು. ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅತ್ತಿಗೆ ಎಡಗೈಯಲ್ಲಿ ಎತ್ತಿಕೊಂಡರು.

"ಹೇಳಮ್ಮ... ಊಟಕ್ಕೆ ಕೂತಿದ್ದೀನಿ. ಇಲ್ಲ, ನಾನು ಮಾಡಿದ್ದಲ್ಲ. ನಿಮ್ಮತ್ತೆ ಮಾಡಿದ್ದು... ನಿಜವಾಗ್ಲೂ ಕಣೆ, ಬೇಕಾದ್ರೆ ಎದುರು ಮನೆಯವಳನ್ನ ಕೇಳು, ಇಲ್ಲೇ ನಿಂತಿದ್ದಾಳೆ... ಬರ್ತೀನಿ, ಬರ್ತೀನಿ. ಮಕ್ಕಳನ್ನ ನೋಡ್ಕೊಂಡು ಒಂದು ವಾರ ಇದ್ದು ಬರ್ತೀನಿ. ಅಲ್ಲೇ ಇರೋಕಲ್ಲ. ಈಗ ಇಡ್ತೀನಿ, ಅನ್ನ ಆರಿಹೋಗುತ್ತೆ."

ಫೋನ್ ಕೆಳಗಿಟ್ಟು ಮತ್ತೆ ಉಣ್ಣತೊಡಗಿದರು. ಅಕ್ಕನ ಕಣ್ಣು ತುಂಬಿತ್ತು, ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ?

"ನಿಜ ಹೇಳಿ ಅತ್ತಿಗೆ. ಈ ಅನ್ನ ನೋಡಿ, ಪಾಪ ಅಂತ ಹಾಗಂದ್ರಾ?"

ಅತ್ತಿಗೆ ತಟ್ಟೆ ಖಾಲಿ ಮಾಡಿದರು. ಆಮೇಲೆ ಅಕ್ಕನ ಮುಖವನ್ನೇ ನೋಡುತ್ತ, ಒಂದೂ ಮಾತಾಡದೆ, ತಟ್ಟೆ ಹಿಡಿದ ಕೈಯನ್ನು ಉದ್ದಕ್ಕೆ ಮುಂದೆ ಚಾಚಿದರು. ಚಾಚಿದ ಕೈ ಹಾಗೇ ನಿಂತಿತು.

ಅಕ್ಕ ಗಾಬರಿಯಾಗಿ ಸೌಟು ಹುಡುಕಿದರು. ಸೌಟು ಅವರ ಕೈಯಲ್ಲೇ ಇತ್ತು. ಕುಕ್ಕರನ್ನು ಓರೆ ಮಾಡಿ, ತಳ ಕೆರೆದು, ಉಳಿದದ್ದನ್ನೆಲ್ಲ ಆ ತಟ್ಟೆಗೆ ಹಾಕಿದರು. ತಮಗೆಂದು ಒಂದು ಅಗುಳನ್ನೂ ಉಳಿಸಿಕೊಳ್ಳಲಿಲ್ಲ.